ಮಕ್ಕಳನ್ನ ನೀರಿಗಿಳಿಸಿ, ರೇನ್ ಡ್ಯಾನ್ಸ್‌ಗಲ್ಲ

1/8

ಪರೀಕ್ಷೆ ಮುಗೀತು, ರಜೆ ಶುರುವಾಯ್ತು, ನಿಮ್ಮ ಫೀಡ್‌ನಲ್ಲೂ ಅದೇ ಪೋಸ್ಟರ್ ಬಂದಿರುತ್ತೆ. ಹಳದಿ ಬಾತುಕೋಳಿ, ಕೂಲಿಂಗ್ ಗ್ಲಾಸ್ ಹಾಕ್ಕೊಂಡಿರೋ ಸೂರ್ಯ, ಕೆಳಗಡೆ ದಪ್ಪ ಅಕ್ಷರದಲ್ಲಿ ‘ಸಮ್ಮರ್ ಕ್ಯಾಂಪ್, ಪೂಲ್ ಪಾರ್ಟಿ, ರೇನ್ ಡ್ಯಾನ್ಸ್’. ಪಕ್ಕದಲ್ಲಿ ‘ಫನ್ ಪ್ಲಸ್ ಲರ್ನಿಂಗ್’ ಅಂತ ಒಂದು ನಕ್ಷತ್ರ. ಫನ್ ಇರುತ್ತೆ, ಒಪ್ತೀನಿ. ಲರ್ನಿಂಗ್ ಎಲ್ಲಿದೆ ಅಂತ ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ. ಮೊಣಕಾಲುದ್ದ ನೀರು, ಮೇಲಿಂದ ಪೈಪಲ್ಲಿ ಸುರಿಯೋ ನೀರು, ಕಿವಿ ಹರಿಯೋ ಹಾಗೆ ಸ್ಪೀಕರ್. ಮಗು ಒದ್ದೆಯಾಗಿ ಮನೆಗೆ ಬರುತ್ತೆ, ಅಷ್ಟೇ.

ಈ ಸೀರೀಸ್‌ನಲ್ಲಿ ಈ ಸಲ ನಾನು ಹೇಳೋಕೆ ಹೊರಟಿರೋದು ಎರಡೇ ಮಾತು. ಒಂದು, ಬೇಸಿಗೆ ರಜೆಲಿ ಮಕ್ಕಳಿಗೆ ನೀರಿನಾಟ ಬೇಕೇ ಬೇಕು, ಆದ್ರೆ ಅದಕ್ಕೆ ಒಂದು ಬಕೆಟ್ ಸಾಕು. ಎರಡು, ಆ ಬಕೆಟ್ ಆಟದ ಜೊತೆಗೆ ಪ್ರತಿ ಮಗುವೂ ನೀರಲ್ಲಿ ತೇಲೋದನ್ನ ಕಲೀಲೇಬೇಕು. ಈಜು ಹಾಬಿ ಅಲ್ಲ. ರಸ್ತೆ ದಾಟೋದು ಹಾಬಿನಾ? ಹಾಗೇ ಇದು.

ರೇನ್ ಡ್ಯಾನ್ಸ್ ಮೇಲೆ ನನಗ್ಯಾಕೆ ಇಷ್ಟು ಸಿಟ್ಟು ಅಂತೀರಾ? 2024ರ ಬೇಸಿಗೆ ನೆನಪು ಮಾಡ್ಕೊಳ್ಳಿ. ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್ ಹಿಂದೆ ಓಡ್ತಿದ್ರು. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಾರ್ಡನ್‌ಗೆ ಬಿಟ್ರೆ 5000 ರೂಪಾಯಿ ದಂಡ ಅಂತ ಹೇಳ್ತು. ಹೋಳಿ ಬಂದಾಗ ಕಾವೇರಿ ನೀರು, ಬೋರ್‌ವೆಲ್ ನೀರು ಬಳಸಿ ರೇನ್ ಡ್ಯಾನ್ಸ್, ಪೂಲ್ ಪಾರ್ಟಿ ಮಾಡ್ಬೇಡಿ ಅಂತಾನೂ ಹೇಳ್ಬೇಕಾಯ್ತು. ಬೆಂಗಳೂರಿನ ನಲ್ಲಿಗೆ ಬರೋ ಕಾವೇರಿ ಸುಮ್ನೆ ಹರಿದು ಬರಲ್ಲ. ನಮ್ಮ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಆಸುಪಾಸು ದೂರ, ಹಂತ ಹಂತವಾಗಿ ಪಂಪ್ ಮಾಡಿ ಗುಡ್ಡ ಹತ್ತಿಸಿ ತರ್ತಾರೆ. ಅಷ್ಟು ಕರೆಂಟು ತಿಂದು ಬಂದ ನೀರನ್ನ ಡಿಜೆ ಹಾಡಿಗೆ ಮೋರಿಗೆ ಬಿಡೋದು ನನಗೆ ಸರಿ ಕಾಣಲ್ಲ. ನಿಮಗೆ ಕಂಡ್ರೆ ಕಾಮೆಂಟಲ್ಲಿ ಜಗಳ ಆಡಿ, ನಾನಿದೀನಿ.

2/8

ಸರಿ, ಬಕೆಟ್‌ಗೆ ಬರೋಣ. ಇದನ್ನ ಓದ್ತಿರೋ ಮುಕ್ಕಾಲು ಜನಕ್ಕೆ ನನ್ನ ಪರಿಸ್ಥಿತಿನೇ. ಡಿಗ್ರಿ ಓದ್ತಿದೀರಾ ಅಥವಾ ಪಿಯು ಮುಗಿಸಿದೀರಾ, ‘ನಿಂಗೆ ರಜೆ ಅಲ್ವಾ, ಮಕ್ಕಳನ್ನ ನೋಡ್ಕೋ’ ಅಂತ ಚಿಕ್ಕಮ್ಮನ ಮಕ್ಕಳು, ಮಾವನ ಮಕ್ಕಳು ಎಲ್ಲ ನಿಮ್ಮ ತಲೆಗೇ ಬಂದಿದಾರೆ. ಮೊಬೈಲ್ ಕೊಟ್ರೆ ಸುಮ್ನಿರ್ತಾವೆ. ಕೊಡ್ಬೇಡಿ. ಹಿತ್ತಲಲ್ಲೋ ಟೆರೇಸ್‌ನ ನೆರಳಲ್ಲೋ ಒಂದು ಟಬ್ ಇಟ್ಟು ಅರ್ಧ ನೀರು ತುಂಬಿ.

ಮೊದಲನೇ ಆಟ: ಯಾವುದು ತೇಲುತ್ತೆ, ಯಾವುದು ಮುಳುಗುತ್ತೆ. ಹಾಕೋಕೆ ಮುಂಚೆ ಪ್ರತಿ ಮಗುನೂ ಜೋರಾಗಿ ಹೇಳ್ಬೇಕು, ತಪ್ಪಾದ್ರೆ ಮುಖಕ್ಕೆ ಒಂದು ಬೊಗಸೆ ನೀರು. (ಇದೇ ಅವರಿಗೆ ರೇನ್ ಡ್ಯಾನ್ಸ್.) ಸ್ಟೀಲ್ ಚಮಚ ಮುಳುಗುತ್ತೆ, ಅದಕ್ಕಿಂತ ಭಾರ ಇರೋ ಸ್ಟೀಲ್ ಲೋಟ ನೆಟ್ಟಗೆ ಇಟ್ರೆ ತೇಲುತ್ತೆ. ಯಾಕೆ? ಉತ್ತರ ಹೇಳ್ಬೇಡಿ. ಲೋಟದೊಳಗೆ ಒಂದೊಂದೇ ಹುಣಸೆ ಬೀಜ ಹಾಕ್ತಾ ಹೋಗೋಕೆ ಹೇಳಿ. ಲೋಟ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತೆ, ಟಬ್ಬಲ್ಲಿ ನೀರು ಸ್ವಲ್ಪ ಸ್ವಲ್ಪ ಮೇಲೇರುತ್ತೆ. ತಾನು ಎಷ್ಟು ನೀರನ್ನ ಪಕ್ಕಕ್ಕೆ ತಳ್ತೋ ಅಷ್ಟು ನೀರಿನ ತೂಕದ ಬಲ ಅದನ್ನ ಮೇಲಕ್ಕೆ ನೂಕುತ್ತೆ ಅನ್ನೋ ಆರ್ಕಿಮಿಡೀಸ್ ಮಾತು ನಮಗೆ ಹೈಸ್ಕೂಲಲ್ಲಿ ಬಾಯಿಪಾಠ ಆಗಿತ್ತು. ಏಳು ವರ್ಷದ ಹುಡುಗಿಗೆ ಹುಣಸೆ ಬೀಜದಲ್ಲಿ ಅದು ಕಣ್ಣಿಗೇ ಕಾಣುತ್ತೆ. ಹಂಪಿಲಿ ಹತ್ತಾರು ಜನರನ್ನ ಕೂರಿಸ್ಕೊಂಡು ಹರಿಗೋಲು ಯಾಕೆ ಮುಳುಗಲ್ಲ ಅನ್ನೋದೂ ಅಲ್ಲೇ ಗೊತ್ತಾಗುತ್ತೆ.

ಆಮೇಲೆ ಕಿತ್ತಳೆ ಹಣ್ಣು. ಸಿಪ್ಪೆ ಸಮೇತ ಹಾಕಿ, ತೇಲುತ್ತೆ. ಸಿಪ್ಪೆ ಸುಲಿದು ಹಾಕಿ, ಮುಳುಗುತ್ತೆ. ಸುಲಿದ ಮೇಲೆ ಹಣ್ಣು ಹಗುರಾಯ್ತು, ಆದ್ರೂ ಮುಳುಗ್ತು! ಮಕ್ಕಳ ಮುಖ ನೋಡ್ಬೇಕು ಆಗ. ಸಿಪ್ಪೆಯೊಳಗೆ ಗಾಳಿ ತುಂಬಿರೋ ಸಣ್ಣ ಸಣ್ಣ ಗೂಡುಗಳಿರ್ತವೆ. ಅದು ಹಣ್ಣಿನ ಲೈಫ್ ಜಾಕೆಟ್. ಈ ಮಾತನ್ನ ನೆನಪಿಟ್ಕೊಳ್ಳಿ, ಐದನೇ ಭಾಗದಲ್ಲಿ ಬೇಕಾಗುತ್ತೆ.

ಮಾವಿನಕಾಯಿ ಸೀಸನ್ ಬೇರೆ. ಬೇರೆ ಬೇರೆ ಬಲಿತದ ನಾಲ್ಕೈದು ಕಾಯಿ ಹಾಕಿ ನೋಡಿ. ಚೆನ್ನಾಗಿ ಬಲಿತ ಕಾಯಿ ಸಾಮಾನ್ಯವಾಗಿ ಮುಳುಗುತ್ತೆ, ಎಳೆಯದು ತೇಲುತ್ತೆ. ಕಾಯಿ ಬಲಿತಿದೆಯಾ ಅಂತ ನೋಡೋಕೆ ಇದೂ ಒಂದು ಪರೀಕ್ಷೆ. ಇನ್ನು ಮೊಟ್ಟೆ: ಸಾದಾ ನೀರಲ್ಲಿ ತಾಜಾ ಮೊಟ್ಟೆ ತಳ ಸೇರುತ್ತೆ, ಉಪ್ಪು ಕರಗಿಸ್ತಾ ಹೋದ್ರೆ ಒಂದು ಹಂತಕ್ಕೆ ಮೇಲೆದ್ದು ಬರುತ್ತೆ. ಇದು ಬರೀ ಯೂಟ್ಯೂಬ್ ಪ್ರಯೋಗ ಅಂದ್ಕೋಬೇಡಿ. ಭತ್ತ ಬೆಳೆಯೋ ಮನೆಯವರನ್ನ ಕೇಳಿ ನೋಡಿ. ಮೊಟ್ಟೆ ತೇಲೋ ಅಷ್ಟು ಉಪ್ಪು ಹಾಕಿದ ನೀರಿಗೆ ಬಿತ್ತನೆ ಭತ್ತ ಸುರಿದ್ರೆ ಜೊಳ್ಳು ಮೇಲೆ ಬರುತ್ತೆ, ಗಟ್ಟಿ ಕಾಳು ಕೆಳಗೆ ಉಳಿಯುತ್ತೆ. ಜೊಳ್ಳು ತೆಗೆದು, ಗಟ್ಟಿ ಕಾಳನ್ನ ಒಳ್ಳೆ ನೀರಲ್ಲಿ ತೊಳೆದು ಬಿತ್ತಾರೆ. ನಮ್ಮ ತಾತ ಸಾಂದ್ರತೆ ಅನ್ನೋ ಪದ ಕೇಳಿದ್ದೇ ಇಲ್ಲ, ಕೆಲಸ ಮಾತ್ರ ಸರಿಯಾಗೇ ಮಾಡ್ತಿದ್ರು.

3/8

ಇದು ನನ್ನ ಫೇವರಿಟ್. ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಒಂದರ ಕೆಳಗೊಂದು ಮೂರು ತೂತು: ಮೇಲೊಂದು, ಸರಿಯಾಗಿ ನಡುವೆ ಒಂದು, ಕೆಳಗೊಂದು. (ತೂತು ನೀವೇ ಮಾಡಿ, ಕಾಯಿಸಿದ ದಬ್ಬಳವನ್ನ ಮಕ್ಕಳ ಕೈಗೆ ಕೊಡ್ಬೇಡಿ.) ಮೂರನ್ನೂ ಬೆರಳಲ್ಲಿ ಮುಚ್ಚಿ ನೀರು ತುಂಬಿ, ನೆಲದ ಮೇಲಿಟ್ಟು ಬಿಡಿ. ಯಾವ ತೂತಿನ ನೀರು ಎಲ್ಲಕ್ಕಿಂತ ದೂರ ಬೀಳುತ್ತೆ?

‘ಕೆಳಗಿಂದು’ ಅಂತ ತಾನೇ ಹೇಳಿದ್ದು? ಎಷ್ಟೋ ಪುಸ್ತಕದ ಚಿತ್ರಗಳಲ್ಲೂ ಹಾಗೇ ಬರೆದಿರುತ್ತೆ. ಆಳ ಹೆಚ್ಚಾದಷ್ಟು ಒತ್ತಡ ಹೆಚ್ಚು, ಆದ್ದರಿಂದ ಕೆಳಗಿಂದು ದೂರ. ಅರ್ಧ ನಿಜ. ಕೆಳಗಿನ ನೀರು ಜೋರಾಗೇ ಹೊರಡುತ್ತೆ, ಆದ್ರೆ ನೆಲ ಹತ್ತಿರ ಇರೋದ್ರಿಂದ ದೂರ ಹೋಗೋಕೆ ಮೊದಲೇ ಬಿದ್ದುಬಿಡುತ್ತೆ. ಮೇಲಿನ ನೀರಿಗೆ ಬೀಳೋಕೆ ಸಮಯ ಇದೆ, ಜೋರಿಲ್ಲ. ಎರಡೂ ಹದವಾಗಿರೋದು ನಡುವಿನ ತೂತಿಗೆ, ಗೆಲ್ಲೋದು ಅದೇ. ಈಗ ಅದೇ ಬಾಟಲಿನ ಎತ್ತರದ ಸ್ಟೂಲ್ ತುದಿಲಿಟ್ಟು ನೀರು ನೆಲಕ್ಕೆ ಬೀಳೋ ಹಾಗೆ ಮಾಡಿ. ಈಗ ಕೆಳಗಿಂದೇ ದೂರ! ಒಂಬತ್ತು ವರ್ಷದ ಹುಡುಗನಿಗೆ ‘ಪುಸ್ತಕದ ಚಿತ್ರ ಕೂಡ ಪೂರ್ತಿ ಹೇಳದೇ ಇರಬಹುದು’ ಅಂತ ಗೊತ್ತಾಗೋ ಆ ಕ್ಷಣ ಇದೆಯಲ್ಲ, ಯಾವ ಸಮ್ಮರ್ ಕ್ಯಾಂಪ್ ಸರ್ಟಿಫಿಕೇಟ್ ಕೊಡುತ್ತೆ ಅದನ್ನ?

ಮಡಕೆ ಆಟವೂ ಮಾಡಿ. ಒಂದೇ ಥರದ ಎರಡು ಬಾಟಲಿ, ಎರಡರಲ್ಲೂ ನಲ್ಲಿ ನೀರು. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ ಎರಡನ್ನೂ ನೆರಳಲ್ಲಿ ಗಾಳಿಗೆ ತೂಗುಹಾಕಿ. ಬಟ್ಟೆ ಒಣಗೋಕೆ ಬಿಡ್ಬೇಡಿ. ಒಂದೆರಡು ಗಂಟೆ ಬಿಟ್ಟು ಕೆನ್ನೆಗೆ ತಾಗಿಸಿ ನೋಡೋಕೆ ಹೇಳಿ. ನೀರು ಆವಿಯಾಗೋಕೆ ಬೇಕಾದ ಶಾಖನ ಬಾಟಲಿಯಿಂದಲೇ ಕಿತ್ಕೊಳ್ಳುತ್ತೆ, ಅದಕ್ಕೆ ಒಳಗಿನ ನೀರು ತಣ್ಣಗಾಗುತ್ತೆ. ಇದನ್ನ ಕಲಬುರಗಿಲಿರೋ ಫ್ರೆಂಡ್ ಮತ್ತು ಮಂಗಳೂರಲ್ಲಿರೋ ಫ್ರೆಂಡ್ ಒಂದೇ ದಿನ ಮಾಡಿ ಹೋಲಿಸಿದ್ರೆ ಇನ್ನೂ ಮಜಾ. ಕಲಬುರಗಿಯ ಒಣ ಗಾಳಿಲಿ ಚೆನ್ನಾಗಿ ತಣ್ಣಗಾಗುತ್ತೆ. ಕರಾವಳಿಯ ಗಾಳಿ ಆಗಲೇ ನೀರು ಕುಡಿದು ಹೊಟ್ಟೆ ತುಂಬಿಸ್ಕೊಂಡಿರುತ್ತೆ, ಹೊಸ ಆವಿಗೆ ಜಾಗ ಕಮ್ಮಿ. ಮಂಗಳೂರಿನವರು ಬೆವರು ಒಣಗಲ್ಲ ಅಂತ ಗೋಳಾಡೋದೂ ಇದೇ ಕಾರಣಕ್ಕೆ.

ಆಟ ಮುಗಿದ ಮೇಲೆ ಟಬ್ಬಿನ ನೀರು ಗಿಡಕ್ಕೆ, ಉಪ್ಪು ನೀರು ಮಾತ್ರ ಬೇಡ. ಇದು ರೂಲ್. ಹೊತ್ತು ಹಾಕೋದು ಮಕ್ಕಳೇ. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ ಅನ್ನೋದು ಆಗ ಅವರ ಕೈಗೆ ಗೊತ್ತಾಗುತ್ತೆ, ತಲೆ ಮೇಲೆ ಕೊಡ ಹೊರೋ ಹೆಂಗಸರ ಕತ್ತು ಎಷ್ಟು ನೋಯುತ್ತೆ ಅನ್ನೋದೂ.

4/8

ಲೆಕ್ಕದ ಆಟ, ಬೇಗ ಹೇಳಿ ಮುಗಿಸ್ತೀನಿ. ಸೋರೋ ನಲ್ಲಿ ಇಲ್ಲದ ಮನೆ ಇಲ್ಲ. ಅದರ ಕೆಳಗೆ ಒಂದು ಗಂಟೆ ಲೋಟ ಇಡಿ, ಬಂದದ್ದನ್ನ ಅಳೆದು 24ರಿಂದ ಗುಣಿಸಿ, ಫಲಿತಾಂಶನ ಫ್ರಿಡ್ಜ್ ಮೇಲೆ ಅಂಟಿಸಿ. ಅಪ್ಪ ಅದೇ ವಾರ ವಾಷರ್ ಹಾಕಿಸ್ತಾರೆ, ನಾನು ಗ್ಯಾರಂಟಿ. ಜೊತೆಗೆ ಮನೇಲಿ ದಿನಕ್ಕೆ ಎಷ್ಟು ಬಕೆಟ್ ಖರ್ಚಾಗುತ್ತೆ ಅಂತ ಗೋಡೆ ಮೇಲೆ ಗೀಟು ಹಾಕ್ತಾ ಹೋಗ್ಲಿ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯವರಿಗೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ನಗರದವರಿಗೆ 135 ಲೀಟರ್ ಅಂತ ಇಟ್ಕೊಂಡಿದಾರೆ. ಯಾಕೆ ಹಾಗೆ ಅಂತ ಮಕ್ಕಳು ಕೇಳ್ತಾರೆ. ನೀವು ಏನು ಹೇಳ್ತೀರೋ ನಿಮಗೆ ಬಿಟ್ಟಿದ್ದು, ನನಗಂತೂ ಸಮಾಧಾನ ಆಗೋ ಉತ್ತರ ಸಿಕ್ಕಿಲ್ಲ.

ಮಳೆ ಅಳೆಯೋ ಆಟ ಬಿಡ್ಲೇಬೇಡಿ. ಏಪ್ರಿಲ್, ಮೇ ಅಂದ್ರೆ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು. ಗುಡುಗು ಸಿಡಿಲು ಇರೋವಾಗ ಮಕ್ಕಳು ಒಳಗೇ ಇರ್ಲಿ, ನೆಟ್ಟನೆ ಗೋಡೆ ಇರೋ ಒಂದು ಡಬ್ಬ ಮಾತ್ರ ಬಯಲಲ್ಲಿರ್ಲಿ. ಮಳೆ ನಿಂತ ಮೇಲೆ ಸ್ಕೇಲ್ ಇಟ್ಟು ನೋಡಿ. ಡಬ್ಬದಲ್ಲಿ 10 ಮಿಲಿಮೀಟರ್ ನೀರಿದ್ರೆ, ಒಂದು ಚದರ ಮೀಟರ್ ಜಾಗಕ್ಕೆ 10 ಲೀಟರ್ ಬಿದ್ದಿದೆ ಅಂತ ಅರ್ಥ. ಈಗ ಮಕ್ಕಳ ಕೈಲಿ ತಾರಸಿ ಅಳತೆ ಮಾಡಿಸಿ. 30x40 ಸೈಟ್ ಅಂದ್ರೆ ಸುಮಾರು 111 ಚದರ ಮೀಟರ್. ಒಂದು ಸಂಜೆಯ 10 ಮಿಲಿಮೀಟರ್ ಮಳೆಗೆ ಸಾವಿರದ ನೂರು ಲೀಟರ್ ಮೇಲೆ! ‘ಅಕ್ಕಾ, ಇಷ್ಟೊಂದು ನೀರು ಎಲ್ಲಿಗೋಯ್ತು?’ ಅಂತ ನಮ್ಮ ಮನೆ ಚಿಕ್ಕವಳು ಕೇಳಿದ್ಲು. ಮೋರಿ ತೋರಿಸ್ದೆ. ನಿಮ್ಮ ಡಬ್ಬದ ಲೆಕ್ಕನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕದ ಜೊತೆ ಹೋಲಿಸಿ ನೋಡಿ. ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಅವರ ಮಳೆಮಾಪಕಗಳಿವೆ.

5/8

ಈಗ ಟಬ್ ಬಿಟ್ಟು ಬಾವಿ ಹತ್ರ ಹೋಗೋಣ. ಇಲ್ಲಿಂದ ಮುಂದೆ ತಮಾಷೆ ಕಮ್ಮಿ.

ನಮ್ಮೂರ ಕಡೆ ಹುಡುಗ್ರು ಈಜು ಕಲಿತಿದ್ದು ಹೆಂಗೆ ಅಂದ್ರೆ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟೋರು. ಬುರುಡೆ ಇಲ್ಲದಿದ್ರೆ ಲಾರಿ ಟ್ಯೂಬು, ಬಾಳೆದಿಂಡು, ಈಚೆಗೆ ಖಾಲಿ ಎಣ್ಣೆ ಕ್ಯಾನು. ಕಿತ್ತಳೆ ಸಿಪ್ಪೆ ನೆನಪಿದೆಯಲ್ಲ? ಅದೇ ಗಾಳಿ, ಅದೇ ಲೆಕ್ಕ. ಬಾವಿ ಮೆಟ್ಟಿಲ ಮೇಲೆ ಸೋದರಮಾವ ನಿಂತ್ಕೊಂಡು ‘ಬೀಳ್ಲಾ, ನಾನಿವ್ನಿ’ ಅಂತ ಕೂಗೋದು, ಹುಡುಗ ಕಣ್ಮುಚ್ಚಿ ಹಾರೋದು. ನನ್ನ ತಮ್ಮ ಎಂಟು ವರ್ಷಕ್ಕೆ ಬುರುಡೆ ಬಿಚ್ಚಿ ಈಜಿದ. ಅವನಿಗಿಂತ ಎರಡು ವರ್ಷ ದೊಡ್ಡವಳು ನಾನು. ನನ್ನ ಕೆಲಸ ದಂಡೆ ಮೇಲೆ ಅವನ ಬಟ್ಟೆ ಕಾಯೋದು. ‘ನಾನೂ ಇಳೀಲಾ ಮಾವ?’ ಅಂದೆ ಒಂದ್ಸಲ. ‘ನಿಂಗ್ಯಾಕವ್ವ ಅದು’ ಅಂದ್ರು. ಸಿಟ್ಟಿಂದ ಅಲ್ಲ, ಪ್ರೀತಿಯಿಂದಲೇ ಅಂದ್ರು. ಅದಕ್ಕೇ ಎದುರು ಮಾತಾಡೋಕೆ ಆಗ್ಲಿಲ್ಲ.

ಗೆಳತಿಯರೇ, ಇದನ್ನ ನಿಮಗೋಸ್ಕರ ಬರೀತಿದೀನಿ. ನಮ್ಮ ಊರುಗಳಲ್ಲಿ ಕೆರೆ ಹತ್ರ, ನಾಲೆ ಹತ್ರ ಹೆಚ್ಚು ಹೊತ್ತು ಇರೋದು ಯಾರು? ಬಟ್ಟೆ ಒಗೆಯೋರು, ಪಾತ್ರೆ ತೊಳೆಯೋರು, ಹಸು ಎಮ್ಮೆ ಮೈ ತೊಳೆಯೋರು, ನೀರು ತರೋರು. ಅವರಲ್ಲಿ ಬಹುಪಾಲು ಹೆಂಗಸರು. ಈಜು ಬರದೇ ಇರೋದೂ ಅವರಿಗೇ. ಪ್ರತಿ ಬೇಸಿಗೆ ಪೇಪರಲ್ಲಿ ಬರೋ ಸುದ್ದಿಯ ಆಕಾರನೇ ಒಂದು: ಮಗು ಜಾರ್ತು, ತಾಯಿ ಹಿಡಿಯೋಕೆ ಹೋದ್ಲು, ಅವಳನ್ನ ಹಿಡಿಯೋಕೆ ತಂಗಿ ಹೋದ್ಲು. ಆಮೇಲೆ ಎಣಿಕೆ. ಈಜು ಬರೋ ಗಂಡಸರು ಸೈಕಲ್ ಹತ್ತಿ ಬರೋ ಹೊತ್ತಿಗೆ ಮುಗಿದಿರುತ್ತೆ.

‘ಹೆಣ್ಮಕ್ಕಳು ಏನು ಬಟ್ಟೆ ಹಾಕ್ಕೊಂಡು ಈಜ್ತಾರೆ’ ಅನ್ನೋ ಪ್ರಶ್ನೆ ಬರುತ್ತೆ. ಮೈಗೆ ಅಂಟೋ ಲೆಗ್ಗಿಂಗ್ಸ್, ತುಂಬು ತೋಳಿನ ಟೀಶರ್ಟ್ ಥರದ ಈಜುಡುಗೆ ಸಿಗುತ್ತೆ, ದುಪಟ್ಟಾ ಬೇಡ. ‘ಯಾರಾದ್ರೂ ನೋಡ್ತಾರೆ’ ಅಂತಾರೆ. ಲೇಡೀಸ್ ಬ್ಯಾಚ್ ಇರೋ ಕೊಳಗಳಿವೆ, ಹೆಂಗಸರೇ ಕಲಿಸೋ ಕಡೆಯೂ ಇದೆ. ನಾನು ಕಲಿತಿದ್ದು 19ನೇ ವಯಸ್ಸಲ್ಲಿ, ಅಂಥದೇ ಒಂದು ಬೆಳಗಿನ ಬ್ಯಾಚಲ್ಲಿ. ನನ್ನ ಪಕ್ಕದಲ್ಲಿ 52 ವರ್ಷದ ಒಬ್ಬ ಆಂಟಿ, ಮೂರನೇ ವಾರಕ್ಕೆ ಅಂಗಾತ ತೇಲಿ ಆಕಾಶ ನೋಡ್ತಾ ‘ಅಯ್ಯೋ, ಇಷ್ಟೇನಾ!’ ಅಂದ್ರು.

6/8

ಇಷ್ಟೇ. ನಿಜವಾಗ್ಲೂ ಮೊದಲ ಪಾಠ ಇಷ್ಟೇ. ಫ್ರೀಸ್ಟೈಲ್, ಬಟರ್‌ಫ್ಲೈ ಎಲ್ಲ ಆಮೇಲೆ. ಮಗುಗೆ ಮೊದಲು ಬರ್ಬೇಕಾಗಿರೋದು: ಬಾಯಿ ನೀರೊಳಗಿಟ್ಟು ಗುಳ್ಳೆ ಬಿಡೋದು, ಮುಖ ಮುಳುಗಿಸಿ ಕಣ್ಣು ಬಿಡೋದು, ಅಂಗಾತ ತೇಲೋದು, ತೇಲ್ತಾ ಉಸಿರಾಡೋದು, ತಿರುಗಿ ದಂಡೆ ಹಿಡಿಯೋದು, ಹಿಡಿದು ಮೇಲೆ ಹತ್ತೋದು. ಗುಳ್ಳೆ ಬಿಡೋದನ್ನ ಟಬ್ಬಲ್ಲೇ ಅಭ್ಯಾಸ ಮಾಡಿಸ್ಬಹುದು, ಯಾರ ಗುಳ್ಳೆ ಜಾಸ್ತಿ ಹೊತ್ತು ಅಂತ ಪಂದ್ಯ ಇಟ್ರೆ ಮುಗೀತು. ಶ್ವಾಸಕೋಶ ತುಂಬ ಉಸಿರು ತಗೊಂಡು ಮೈ ಸಡಿಲ ಬಿಟ್ರೆ ಬಹುತೇಕ ಜನರ ದೇಹ ತೇಲುತ್ತೆ. ಗಾಬರಿಯಾಗಿ ಕೈ ಮೇಲೆತ್ತಿದ್ರೆ ಆ ಕೈ ತೂಕವೇ ಮುಖವನ್ನ ಕೆಳಗೆ ತಳ್ಳುತ್ತೆ. ಕಿತ್ತಳೆ ಆಟ ಆಡಿದ ಮಗುಗೆ ಇದನ್ನ ಹೇಳಿ ನೋಡಿ, ಪಟ್ ಅಂತ ಹಿಡಿಯುತ್ತೆ: ‘ನನ್ನ ಸಿಪ್ಪೆ ನನ್ನೊಳಗೇ ಇದೆ!’

ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳೋದು. ಆರು ವರ್ಷ ದಾಟಿದ ಶಾಲಾ ಮಕ್ಕಳಿಗೆ ಬೇಸಿಕ್ ಈಜು, ನೀರಿನ ಸುರಕ್ಷತೆ, ಸುರಕ್ಷಿತವಾಗಿ ಇನ್ನೊಬ್ಬರನ್ನ ಉಳಿಸೋದು, ಈ ಮೂರನ್ನೂ ಕಲಿಸಿ ಅಂತ. ಅವರ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದಾರೆ. ಜುಲೈ 25ನ್ನ ಮುಳುಗು ಸಾವು ತಡೆ ದಿನ ಅಂತ ವಿಶ್ವಸಂಸ್ಥೆ ಘೋಷಿಸಿದ್ದೂ ಅದೇ 2021ರಲ್ಲಿ. ನಮ್ಮ ಎಷ್ಟು ಶಾಲೆಗಳಲ್ಲಿ ಆ ದಿನದ ಬಗ್ಗೆ ಒಂದು ಮಾತಾಡ್ತಾರೆ ಹೇಳಿ. ಯೋಗ ದಿನಕ್ಕೆ ಮ್ಯಾಟ್ ಹಾಸ್ತೀವಿ, ಇದಕ್ಕೆ ಒಂದು ಪಿರಿಯಡ್ ಇಲ್ಲ.

ಆದ್ರೆ ಒಂದು ಎಚ್ಚರಿಕೆ. ಈಜು ಬಂದ್ರೆ ಎಲ್ಲಾ ನೀರೂ ನಿಮ್ಮದಲ್ಲ. ಕೊಳದಲ್ಲಿ ಹತ್ತು ರೌಂಡ್ ಹೊಡೆಯೋರು ಮುತ್ತತ್ತಿಲಿ, ಮೇಕೆದಾಟಲ್ಲಿ ಸುಳಿಗೆ ಸಿಕ್ಕಿದಾರೆ. ನಾಲೆಯ ಸಿಮೆಂಟ್ ಗೋಡೆ ಪಾಚಿ ಹಿಡಿದು ಸೋಪಿನ ಥರ ಇರುತ್ತೆ, ಹರಿವು ಮೇಲಿಂದ ಶಾಂತವಾಗೇ ಕಾಣುತ್ತೆ, ಒಳಗೆ ಎಳೀತಿರುತ್ತೆ. ಸಮುದ್ರದ್ದು ಬೇರೆಯದೇ ಲೆಕ್ಕ. 2024ರ ಡಿಸೆಂಬರಲ್ಲಿ ಶಾಲಾ ಪ್ರವಾಸಕ್ಕೆ ಮುರುಡೇಶ್ವರಕ್ಕೆ ಹೋದ ನಾಲ್ಕು ಹುಡುಗಿಯರು ವಾಪಸ್ ಬರ್ಲಿಲ್ಲ. ಲೈಫ್‌ಗಾರ್ಡ್ ಬೇಡ ಅಂದ ಕಡೆ ಕಾಲು ಕೂಡ ಇಡ್ಬಾರದು ಅನ್ನೋದೂ ಈಜು ಪಾಠದ ಭಾಗವೇ.

ಇನ್ನು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆ ಹೊಲಗಳಲ್ಲಿ ಹೊಂಡಗಳು ತುಂಬಾ ಬಂದ್ವು. ಒಣಭೂಮಿ ರೈತರಿಗೆ ದೊಡ್ಡ ಉಪಕಾರ, ನಾನು ಯೋಜನೆನ ಬೈತಿಲ್ಲ. ಆದ್ರೆ ನೀರು ಇಂಗದೇ ಇರ್ಲಿ ಅಂತ ಇಳಿಜಾರಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿರ್ತಾರೆ. ಒದ್ದೆ ಪ್ಲಾಸ್ಟಿಕ್ ಇಳಿಜಾರನ್ನ ಹತ್ತೋಕೆ ನೋಡಿದೀರಾ? ಈಜು ಬರೋ ದೊಡ್ಡವರಿಗೂ ಕಾಲು ನಿಲ್ಲಲ್ಲ. ನಿಮ್ಮ ಹೊಲದಲ್ಲಿ, ಪಕ್ಕದವರ ಹೊಲದಲ್ಲಿ ಹೊಂಡ ಇದ್ರೆ ಈ ರಜೆಲಿ ಮಾಡೋಕೆ ಒಂದು ಕೆಲಸ ಕೊಡ್ತೀನಿ. ನಾಲ್ಕೂ ಕಡೆ ಗಟ್ಟಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗನ ನೀರೊಳಗೆ ಇಳಿಬಿಡಿ. ಹಳೇ ಟಯರ್‌ಗಳನ್ನ ಹಗ್ಗದಲ್ಲಿ ಸಾಲಾಗಿ ಕಟ್ಟಿ ಇಳಿಬಿಟ್ರೆ ಏಣಿ ಆಗುತ್ತೆ. ಸುತ್ತ ಬೇಲಿ ಇಲ್ಲದಿದ್ರೆ ಸದ್ಯಕ್ಕೆ ಮುಳ್ಳಿನ ಕೊಂಬೆ ಆದ್ರೂ ಹಾಕಿ.

7/8

ಈ ಭಾಗವನ್ನ ಸೇವ್ ಮಾಡ್ಕೊಳ್ಳಿ. ಕ್ಯಾನ್ ಎಸೆಯೋ ಆಟ. ನಮ್ಮ ಮನೆ ಹುಡುಗ್ರಿಗೆ ಕ್ರಿಕೆಟ್‌ಗಿಂತ ಇದೇ ಹುಚ್ಚು ಹಿಡಿದಿದೆ ಈಗ.

ಐದು ಲೀಟರಿನ ಖಾಲಿ ಕ್ಯಾನ್ ತಗೊಂಡು, ಗಾಳಿಗೆ ಹಾರಿಹೋಗದೇ ಇರೋ ಹಾಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ. ಹಿಡಿಗೆ ಉದ್ದ ಹಗ್ಗ ಕಟ್ಟಿ. ಅಂಗಳದಲ್ಲಿ ಸುಮಾರು 20 ಅಡಿ ದೂರದಲ್ಲಿ ಒಂದು ಮಗುನ ಚಾಪೆ ಮೇಲೆ ಕೂರಿಸಿ, ಅದು ‘ಮುಳುಗ್ತಿರೋರು’. ಎಸೆಯೋರು ಹಗ್ಗದ ತುದಿನ ಕಾಲಡಿ ಮೆಟ್ಕೊಂಡು, ಕ್ಯಾನನ್ನ ಅವರ ತಲೆಗಲ್ಲ, ಸ್ವಲ್ಪ ಆಚೆಗೆ ಎಸೆದು ಕೈಗೆ ಸಿಗೋ ಹಾಗೆ ಎಳೀಬೇಕು. ಎಸೆಯೋಕೆ ಮುಂಚೆ ‘ಕಾಪಾಡೀ’ ಅಂತ ಊರಿಗೆ ಕೇಳೋ ಹಾಗೆ ಕೂಗ್ಬೇಕು, ಕೂಗದಿದ್ರೆ ಔಟ್. ಎಳೆಯೋವಾಗ ಮಲ್ಕೊಂಡು ಎಳೀಬೇಕು, ನಿಂತು ಎಳೆದ್ರೂ ಔಟ್, ಯಾಕಂದ್ರೆ ನಿಂತೋರನ್ನ ಮುಳುಗೋರು ಒಳಗೆ ಎಳ್ಕೊಂಡುಬಿಡ್ತಾರೆ. ಕ್ಯಾನ್ ಇಲ್ಲ ಅಂದ್ರೆ ಸೀರೆ, ಪಂಚೆ, ದುಪಟ್ಟಾ, ಉದ್ದನೆ ಕೋಲು. ನೀರಿಗೆ ಹಾರೋದು ಈ ಆಟದಲ್ಲಿ ಇಲ್ಲವೇ ಇಲ್ಲ. ಮಕ್ಕಳು ಯಾವತ್ತೂ ಹಾರ್ಬಾರದು, ಎಷ್ಟೇ ಪ್ರಾಣಸ್ನೇಹಿತ ಆಗಿದ್ರೂ. ಕೂಗು, ಎಸಿ, ಎಳಿ, 112ಕ್ಕೆ ಫೋನ್ ಮಾಡು.

ಇನ್ನೊಂದು ವಿಷಯ, ಸಿನಿಮಾ ನಮಗೆ ತಪ್ಪು ಕಲಿಸಿದೆ. ಮುಳುಗೋ ಮಗು ಕೈ ಬಡಿದು ಕಿರುಚುತ್ತೆ ಅಂದ್ಕೊಂಡಿದೀವಿ. ಬಹಳ ಸಲ ಸದ್ದೇ ಇರಲ್ಲ. ಬಾಯಿ ನೀರಿನ ಮಟ್ಟದಲ್ಲಿ ಇರುತ್ತೆ, ಉಸಿರಿಗೇ ಸಮಯ ಇಲ್ಲ, ಕೂಗೋಕೆಲ್ಲಿಂದ. ಅದಕ್ಕೆ ‘ಸುಮ್ನಿದೆ, ಆಡ್ಕೊತಿದೆ’ ಅಂತ ಮೊಬೈಲ್ ನೋಡ್ಬೇಡಿ. ನೀರಿನಾಟ ನಡೀತಿದ್ರೆ ಒಬ್ಬರ ಕಣ್ಣು ಮಕ್ಕಳ ಮೇಲೇ ಇರ್ಬೇಕು, ಟಬ್ ಆಗಿದ್ರೂ ಅಷ್ಟೇ. ನಡೆಯೋಕೆ ಕಲೀತಿರೋ ಕೂಸಿಗೆ ಅರ್ಧ ಬಕೆಟ್ ನೀರು ಸಾಕು ಪ್ರಾಣ ಹೋಗೋಕೆ. ತಲೆ ಭಾರ, ಬಗ್ಗಿ ಬಿದ್ರೆ ಏಳೋಕಾಗಲ್ಲ. ಆಟ ಮುಗಿದ ತಕ್ಷಣ ನೀರು ಗಿಡಕ್ಕೆ ಅಂದಿದ್ನಲ್ಲ, ಅದು ಬರೀ ನೀರುಳಿಸೋಕಲ್ಲ.

ಮೇಲೆತ್ತಿದ ಮೇಲೆ ತಲೆಕೆಳಗೆ ಮಾಡಿ ತಿರುಗಿಸೋದು, ಹೊಟ್ಟೆ ಅದುಮಿ ನೀರು ತೆಗೆಯೋದು ಬೇಡ. ಆ ಹೊತ್ತಲ್ಲಿ ಬೇಕಾಗಿರೋದು ಉಸಿರು. ಉಸಿರಿಲ್ಲದಿದ್ರೆ ಬಾಯಿಂದ ಉಸಿರು ಕೊಡೋದು, ಎದೆ ಒತ್ತೋದು, ಆಂಬುಲೆನ್ಸ್ ಬರೋ ತನಕ. ಇದನ್ನ ಕೈಯಾರೆ ಕಲೀಬೇಕು, ಕ್ಯಾಪ್ಶನ್ ಓದಿ ಬರಲ್ಲ. ಕಾಲೇಜಲ್ಲಿ ಎನ್‌ಎಸ್‌ಎಸ್, ಎನ್‌ಸಿಸಿ ಇದ್ರೆ ಒಂದು ಟ್ರೈನಿಂಗ್ ಇಡಿಸಿ ಅಂತ ಬೆನ್ನುಬೀಳಿ. ಮತ್ತೆ ಆ ವಾಟ್ಸಾಪ್ ಮೆಸೇಜು, ‘ಉಪ್ಪಿನ ರಾಶಿಲಿ ಮುಚ್ಚಿಟ್ರೆ ಜೀವ ಬರುತ್ತೆ’ ಅನ್ನೋದು, ಪೂರ್ತಿ ಸುಳ್ಳು. 2022ರಲ್ಲಿ ಬಳ್ಳಾರಿ ಜಿಲ್ಲೆಲಿ ಮಗ ಕಳ್ಕೊಂಡ ಮನೆಯವರು ಅದನ್ನ ನಂಬಿ ಗಂಟೆಗಟ್ಟಲೆ ಕಾದರು. ಅವರನ್ನ ಆಡ್ಕೊಳ್ಳೋಕೆ ನನಗೆ ಬಾಯಿ ಬರಲ್ಲ. ಆ ಮೆಸೇಜನ್ನ ಫಾರ್ವರ್ಡ್ ಮಾಡ್ತಿರೋರು ನಿಮ್ಮ ಫ್ಯಾಮಿಲಿ ಗ್ರೂಪಲ್ಲೂ ಇದಾರೆ, ಅವರಿಗೆ ಹೇಳಿ.

8/8

ಕಳೆದ ಸಲದ ಪೋಸ್ಟ್‌ಗೆ ಒಬ್ರು ಮೆಸೇಜ್ ಮಾಡಿದ್ರು, ‘ನೀವು ಹೇಳೋದೆಲ್ಲ ಸರಿ, ಮಕ್ಕಳನ್ನ ನೀರಿನಿಂದ ದೂರ ಇಡೋದೇ ಸೇಫ್ ಅಲ್ವಾ?’ ಅಂತ. ಎಷ್ಟು ದೂರ ಇಡ್ತೀರಿ? ಮೇ ತಿಂಗಳ ಮಧ್ಯಾಹ್ನ, 38 ಡಿಗ್ರಿ, ದೊಡ್ಡವರು ಊಟ ಮಾಡಿ ಮಲಗಿರ್ತಾರೆ. ಹತ್ತು ಹನ್ನೆರಡು ವರ್ಷದ ನಾಲ್ಕು ಹುಡುಗ್ರು, ಒಂದು ಕೆರೆ. ‘ಹೋಗ್ಬೇಡ’ ಅನ್ನೋ ಮಾತು ಅವರ ಜೊತೆ ಕೆರೆ ತನಕ ಹೋಗಲ್ಲ. ತೇಲೋಕೆ ಗೊತ್ತಿರೋದು, ಹೂಳೆತ್ತಿದ ಕೆರೇಲಿ ಎರಡು ಹೆಜ್ಜೆಗೆ ಆಳ ಬದಲಾಗುತ್ತೆ ಅಂತ ಗೊತ್ತಿರೋದು, ಕ್ಯಾನ್ ಎಸೆಯೋಕೆ ಬರೋದು, ಇದೆಲ್ಲ ಹೋಗುತ್ತೆ. ಹೆದರಿಸಿ ಬೆಳೆಸಿದ ಮಗು ಕದ್ದು ಹೋಗುತ್ತೆ, ಕದ್ದು ಹೋಗಿದ್ದಕ್ಕೆ ಏನಾದ್ರೂ ಆದಾಗ ಓಡಿಬಂದು ಹೇಳೋಕೂ ಹೆದರುತ್ತೆ. ಜೊತೆಲಿದ್ದ ಹುಡುಗ್ರು ಬೈತಾರೆ ಅಂತ ಮನೇಲಿ ಬಾಯಿ ಬಿಡದೇ ಕೂತ ಕಥೆಗಳು ನಿಮಗೂ ಗೊತ್ತಿವೆ.

ದುಡ್ಡಿನ ಪ್ರಶ್ನೆ ನಿಜವಾದದ್ದು. ಖಾಸಗಿ ಪೂಲ್‌ನ ತಿಂಗಳ ಫೀಸು ಎಲ್ಲರ ಕೈಗೆ ಎಟುಕಲ್ಲ. ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯ ಈಜುಕೊಳ ಇದೆ, ಬೇಸಿಗೆಗೆ ಸ್ಪೆಷಲ್ ಬ್ಯಾಚ್ ಮಾಡ್ತಾರೆ, ಹೋಗಿ ವಿಚಾರಿಸಿ. ಹಳ್ಳಿಗೆ ಏನು ಅಂತ ಕೇಳಿದ್ರೆ ನನ್ನ ಅಭಿಪ್ರಾಯ ಇಷ್ಟು: ಮೆಟ್ಟಿಲಿರೋ ಬಾವಿ, ಚೆನ್ನಾಗಿ ಈಜೋ ಇಬ್ಬರು ದೊಡ್ಡವರು, ಒಂದು ಸಲಕ್ಕೆ ಒಂದೇ ಮಗು, ಸೊಂಟಕ್ಕೆ ಹಗ್ಗ, ಬುರುಡೆ ಅಥವಾ ಕ್ಯಾನ್. ನಮ್ಮ ಹಿಂದಿನವರು ಮಾಡಿದ್ದೇ, ಆದ್ರೆ ನೂಕೋದು ಬೇಡ. ನೂಕಿಸ್ಕೊಂಡು ಈಜು ಕಲಿತೋರು ಎಷ್ಟಿದಾರೋ, ನೂಕಿದ್ದಕ್ಕೆ ಜೀವಮಾನವಿಡೀ ನೀರು ಕಂಡ್ರೆ ನಡುಗೋರೂ ಅಷ್ಟೇ ಇದಾರೆ. ಮತ್ತೆ ಬೆಳಗ್ಗೆ ಗಂಡುಮಕ್ಕಳ ಸರದಿ ಆದ್ಮೇಲೆ ಸಂಜೆ ಹೆಣ್ಮಕ್ಕಳ ಸರದಿ. ಯಾರೂ ಬಟ್ಟೆ ಕಾಯ್ಕೊಂಡು ಕೂರ್ಬಾರದು.

ಈ ಭಾನುವಾರ ನಾವು ಮೂರು ಜನ ಕ್ಲಾಸ್‌ಮೇಟ್ಸ್ ನಮ್ಮೂರಿನ ಎರಡು ಕೃಷಿ ಹೊಂಡಕ್ಕೆ ಹಗ್ಗ, ಟಯರ್ ಕಟ್ಟೋಕೆ ಹೋಗ್ತಿದೀವಿ, ಹೊಲದವರನ್ನ ಕೇಳಿ ಆಗಿದೆ. ಪಂಚರ್ ಅಂಗಡಿ ಅಣ್ಣ ಆರು ಹಳೇ ಟಯರ್ ಕೊಡ್ತೀನಿ ಅಂದಿದಾರೆ, ಇನ್ನೂ ನಾಲ್ಕು ಬೇಕು. ಹಗ್ಗಕ್ಕೆ ದುಡ್ಡು ಹಾಕಿದೀವಿ. ಬರೋರು ಮೆಸೇಜ್ ಮಾಡಿ, ಬೆಳಗ್ಗೆ ಏಳಕ್ಕೇ ಹೊರಡ್ತೀವಿ, ಬಿಸಿಲು ಏರೋಕೆ ಮುಂಚೆ ಮುಗಿಸ್ಬೇಕು. ಬರೋಕಾಗಲ್ಲ ಅನ್ನೋರು ನಿಮ್ಮ ಕಡೆ ಈಜು ಕಲಿಯೋಕೆ ಸೊಂಟಕ್ಕೆ ಏನು ಕಟ್ತಿದ್ರು ಅಂತ ಮನೇಲಿ ಹಿರಿಯರನ್ನ ಕೇಳಿ ಕಾಮೆಂಟಲ್ಲಿ ಹಾಕಿ. ಕರಾವಳಿಯವರು ಒಣಗಿದ ತೆಂಗಿನಕಾಯಿ ಜೋಡಿ ಕಟ್ತಾರಂತೆ, ಫೋಟೋ ಇದ್ರೆ ಕಳಿಸಿ, ಮುಂದಿನ ಪೋಸ್ಟ್‌ಗೆ ಬೇಕು.

#ನೀರಿನಾಟ #ಬೇಸಿಗೆರಜೆ #ಈಜುಕಲಿಯೋಣ #ಕನ್ನಡಕ್ಯಾಪ್ಶನ್